ಅಗಲ ಯಾರಿಗೆ, ಅಂದ ಯಾರಿಗೆ

ಕೊರಟಗೆರೆ ಬಿಟ್ಟು ಮಧುಗಿರಿಯತ್ತ ಹೊರಟರೆ ಬೆಟ್ಟಗಳು ಜೊತೆಗೂಡುತ್ತವೆ. ಚನ್ನರಾಯನದುರ್ಗ, ಆಮೇಲೆ ಒಂದೇ ಬಂಡೆಯಾಗಿ ಎದ್ದು ನಿಂತ ಮಧುಗಿರಿ, ಮುಂದೆ ಮಿಡಿಗೇಶಿ, ಕಡೆಗೆ ಪಾವಗಡದ ಕೋಟೆಬೆಟ್ಟ. ಬೆಂಗಳೂರಿನಿಂದ ಭಾನುವಾರ ಬೈಕಿನಲ್ಲಿ ಬರುವವರಿಗೆ ಈ ದಾರಿಯನ್ನು ಎಷ್ಟು ಹೊಗಳಿದರೂ ಸಾಲದು. ಪಾವಗಡದವರ ಮುಂದೆ ಅದೇ ಹೊಗಳಿಕೆ ತೆಗೆದರೆ ಉತ್ತರ ಬೇರೆ: 'ಚೆಂದ ಕಟ್ಕೊಂಡು ಏನ್ ಮಾಡೋಣ ಸಾರ್, ಡಿಸಿ ಆಫೀಸಲ್ಲಿ ಒಂದು ಕೆಲಸ ಅಂದ್ರೆ ದಿನವೇ ಹೋಯ್ತು.' ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರು. ತಾಲ್ಲೂಕಿನ ಮೂರು ಕಡೆಗೆ ಆಂಧ್ರ. ರಾಯದುರ್ಗ–ತುಮಕೂರು ರೈಲು ಬರುತ್ತದೆ ಎಂಬ ಮಾತು ಕೇಳುತ್ತಲೇ ಒಂದು ತಲೆಮಾರು ದೊಡ್ಡದಾಗಿದೆ. ಆಸ್ಪತ್ರೆ, ಕೋರ್ಟು, ಕಾಲೇಜು ಯಾವುದಕ್ಕೆ ಹೊರಟರೂ ರಸ್ತೆಯನ್ನೇ ನಂಬಬೇಕು.

ರಸ್ತೆ ಅಗಲವಾಗಲಿ ಎನ್ನುವವರು, ಈಗಿರುವ ಅಂದ ಕೆಡದಿರಲಿ ಎನ್ನುವವರು, ಇವರಿಬ್ಬರ ನಡುವೆ ಸರ್ಕಲ್ಲಿನಲ್ಲಿ ಒಂದು ಪ್ರತಿಮೆಯೋ ಗೋಡೆಗೊಂದು ಚಿತ್ರವೋ ಇರಲಿ ಎನ್ನುವವರು: ಈ ಸೀಮೆಯ ಟೀ ಅಂಗಡಿಗಳಲ್ಲಿ ಮೂರೂ ಪಕ್ಷಕ್ಕೆ ಜನ ಸಿಗುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂವರೂ ತಮ್ಮ ವಾದದ ಗಟ್ಟಿ ಭಾಗವನ್ನು ಬಿಟ್ಟು ಪೊಳ್ಳು ಭಾಗವನ್ನೇ ಹಿಡಿದು ಜಗ್ಗುತ್ತಾರೆ ಎನ್ನುವುದು ನನ್ನ ತಕರಾರು.

ಅಂದದ ಮಾತನ್ನು ಮೊದಲು ನೋಡೋಣ. ಅದಕ್ಕೆ ರಾಯಚರ್ಲುವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಇವತ್ತು 'ಶಕ್ತಿ ಸ್ಥಳ' ಸೋಲಾರ್ ಪಾರ್ಕ್ ಹರಡಿಕೊಂಡಿದೆ. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತವನ್ನು ಉದ್ಘಾಟಿಸಿದರು. 2019ರ ಕೊನೆಗೆ ಅದು 2,050 ಮೆಗಾವ್ಯಾಟ್‌ಗೆ ಮುಟ್ಟಿತು. ಜಮೀನನ್ನು ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತ, ಬಿತ್ತಿದ ಕಡ್ಲೆಕಾಯಿಯ ಬೀಜದ ಕಾಸೂ ಹುಟ್ಟದೆ ಕಂಗಾಲಾಗಿದ್ದ ಜಮೀನುದಾರನಿಗೆ ಅದು ಸಣ್ಣ ಮಾತಲ್ಲ.

ಈ ಊರುಗಳ ರಸ್ತೆಯಲ್ಲಿ ಹೋಗುವಾಗ ಎರಡೂ ಬದಿಗೆ ನೀಲಿ ಫಲಕಗಳ ಸಾಲು ಸಾಲು. ದೂರದ ದಿಣ್ಣೆಯ ಮೇಲಿಂದ ನೋಡಿದರೆ ಕೆರೆ ತುಂಬಿದ ಹಾಗೆ. ಕೆರೆ ತುಂಬಿದ್ದನ್ನು ಕಾಣುವುದೇ ಅಪರೂಪವಾದ ತಾಲ್ಲೂಕಿನಲ್ಲಿ ಈ ನೋಟಕ್ಕೆ ಬೇರೆಯೇ ಒಂದು ಸೆಳೆತ. ಹೊರಗಿನಿಂದ ಬಂದವರು ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಗುತ್ತಿಗೆ ಹಣ ಬ್ಯಾಂಕಿಗೆ ಬರುವ ರೈತನಿಗೂ ಆ ನೋಟ ಇಷ್ಟವೇ. ಎಕರೆಯೂ ಇಲ್ಲದ ಕೂಲಿಯವರನ್ನು, ಕುರಿ ಮೇಯಿಸುವವರನ್ನು ಕೇಳಿದರೆ ಮಾತು ಬೇರೆ ದಿಕ್ಕಿಗೆ ಹೋಗುತ್ತದೆ. ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಹೊಲದ ಕೂಲಿಗೆ, ಬೀಳುಭೂಮಿಯ ಮೇವಿಗೆ ಪಹಣಿಯಲ್ಲಿ ಕಾಲಮ್ಮಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಕೆಲವರಿಗೆ ಹುಲ್ಲು ಕೀಳುವ, ಫಲಕ ತೊಳೆಯುವ, ರಾತ್ರಿ ಕಾವಲು ಕಾಯುವ ಕೆಲಸ ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ. ತಂತಿಬೇಲಿ ಬಂದ ಮೇಲೆ ಕುರಿಮಂದೆ ಸುತ್ತುಬಳಸಿ ಟಾರು ರಸ್ತೆಗೇ ಇಳಿಯಬೇಕು. ರಸ್ತೆಯಲ್ಲಿ ವೇಗವಾಗಿ ಬರುವವನಿಗೆ ಆ ಮಂದೆ ಅಡ್ಡಿ, ಫೋಟೊ ತೆಗೆಯುವವನಿಗೆ ಅದೇ ಚಿತ್ರ. ಕುರಿಯವನಿಗೆ ಎರಡೂ ಅಲ್ಲ.

ಹಾಗಾಗಿ 'ನೋಟ ಚೆನ್ನಾಗಿದೆ, ಹಾಗೇ ಬಿಡಿ' ಎಂಬ ವಾದ ಒಂದೇ ಆಗಿದ್ದರೆ ಅದಕ್ಕೆ ನಾನು ಕಿವಿಗೊಡುವುದಿಲ್ಲ. ನೋಡಿ ಹೋಗುವವನ ಕಣ್ಣಿಗೆ ತಂಪಾಗಲಿ ಎಂದು ಇಲ್ಲಿರುವವನು ಕಿರಿದಾದ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಓಡಾಡಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಜೀವ ಕೈಯಲ್ಲಿ ಹಿಡಿದು ಎಂಬುದು ಬರೀ ಮಾತಿನ ಅಲಂಕಾರ ಅಲ್ಲ. 2022ರ ಮಾರ್ಚ್ 19, ಶನಿವಾರ ಬೆಳಿಗ್ಗೆ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿತು. ಶಾಲೆ, ಕಾಲೇಜಿಗೆ ಹೊರಟ ಮಕ್ಕಳೂ ಸೇರಿ ಸೀಟುಗಳಿಗಿಂತ ಎಷ್ಟೋ ಹೆಚ್ಚು ಜನ ಅದರಲ್ಲಿದ್ದರು, ಟಾಪಿನ ಮೇಲೂ ಕೂತಿದ್ದರು. ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತರು, ಹತ್ತಾರು ಮಂದಿ ಗಾಯಗೊಂಡರು. ಅವತ್ತಿನಿಂದ ಈ ತಾಲ್ಲೂಕಿನಲ್ಲಿ ರಸ್ತೆಯ ಮಾತೆತ್ತಿದರೆ ಮೊದಲು ಬರುವುದು ಪಳವಳ್ಳಿಯೇ. ಅಗಲೀಕರಣ ಬೇಕು ಎನ್ನುವವರ ಬೆನ್ನಿಗೆ ಇರುವ ದುಃಖ ಅದು. ಅದನ್ನು 'ಅಭಿವೃದ್ಧಿಯ ಹುಚ್ಚು' ಎಂದು ನಗರದಲ್ಲಿ ಕೂತು ಮೂದಲಿಸುವುದು ಅನ್ಯಾಯ.

ಆದರೆ ಅದೇ ಘಟನೆಯನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಅಲ್ಲಿ ರಸ್ತೆ ಇನ್ನೆರಡು ಮೀಟರು ಅಗಲವಿದ್ದರೆ ಆ ಮಕ್ಕಳು ಟಾಪು ಹತ್ತುವುದು ತಪ್ಪುತ್ತಿತ್ತೇ? ಮಕ್ಕಳು ಟಾಪು ಹತ್ತಿದ್ದು ಆ ಹೊತ್ತಿಗೆ ಬೇರೆ ಬಸ್ಸು ಸಾಲದೆ. ಅಗಲದ ಕೊರತೆ ಬೇರೆ, ಬಸ್ಸಿನ ಕೊರತೆ ಬೇರೆ. ಎರಡನೆಯದಕ್ಕೆ ಜೆಸಿಬಿ ಬೇಕಿಲ್ಲ, ಬೆಳಿಗ್ಗೆ ಎಂಟಕ್ಕೊಂದು, ಎಂಟೂವರೆಗೊಂದು ಸರ್ಕಾರಿ ಬಸ್ಸು ಸಾಕು. ರಸ್ತೆ ಕೆಲಸಕ್ಕಾದರೆ ಗುದ್ದಲಿ ಪೂಜೆ, ನಾಮಫಲಕ, ಫೋಟೊ ಎಲ್ಲ ಇರುತ್ತದೆ. ಟೈಮಿಗೆ ಸರಿಯಾಗಿ ಬರುವ ಬಸ್ಸಿಗೆ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲ, ಅದಕ್ಕೇ ಇರಬೇಕು ಅದರ ಬೇಡಿಕೆ ಯಾವಾಗಲೂ ಹಿಂದೆ ಬೀಳುವುದು.

ಅಗಲವಾದರೆ ಸಾವು ನಿಲ್ಲುತ್ತದೆ ಎಂಬ ನಂಬಿಕೆಗೆ ಶಿರಾ ಕಡೆಯವರ ಬಳಿ ಬೇರೆ ಅನುಭವವಿದೆ. ಚೆನ್ನೈ–ಮುಂಬೈ ನಡುವಿನ ಸುವರ್ಣ ಚತುಷ್ಪಥದ ಭಾಗವಾದ, ಇವತ್ತಿನ ರಾಷ್ಟ್ರೀಯ ಹೆದ್ದಾರಿ 48 ಆ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಅಗಲಕ್ಕೆ ಕೊರತೆಯಿಲ್ಲ, ಡಿವೈಡರ್ ಇದೆ, ಟೋಲೂ ಇದೆ. ಪಳವಳ್ಳಿ ದುರಂತ ಆದ ಐದು ತಿಂಗಳಿಗೆ, 2022ರ ಆಗಸ್ಟ್ 25ರ ಬೆಳಗಿನ ಜಾವ, ಅದೇ ಹೆದ್ದಾರಿಯಲ್ಲಿ ಶಿರಾ ತಾಲ್ಲೂಕಿನ ಬಾಲೇನಹಳ್ಳಿ ಬಳಿ ಲಾರಿಗೂ ಕ್ರೂಸರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟ ಬಡವರು. ಅವರೂ ತುಂಬಿಸಿಕೊಂಡೇ ಬರುತ್ತಿದ್ದರು. ಕಿರಿದಾದ ರಸ್ತೆಯಲ್ಲೂ ಆರು ಪಥದತ್ತ ಹೊರಟ ರಸ್ತೆಯಲ್ಲೂ ಸತ್ತದ್ದು ಒಂದೇ ಬಗೆಯ ಜನ, ಒಂದೇ ಬಗೆಯಲ್ಲಿ ತುಂಬಿದ ಗಾಡಿಯಲ್ಲಿ.

ಹಾಗೆಂದು ಹೆದ್ದಾರಿಯಿಂದ ಶಿರಾಕ್ಕೆ ಏನೂ ಸಿಗಲಿಲ್ಲ ಎಂದರೆ ಸುಳ್ಳು. ಬೆಂಗಳೂರಿಗೆ ಎರಡು ಗಂಟೆ ಚಿಲ್ಲರೆಯಲ್ಲಿ ತಲುಪಬಹುದು; ತರಕಾರಿ, ಹೂವು, ಹಾಲು ಬಿಸಿಲೇರುವ ಮೊದಲೇ ನಗರ ಸೇರುತ್ತವೆ. ಮಧುಗಿರಿ, ಪಾವಗಡದವರ ಹೊಟ್ಟೆಕಿಚ್ಚಿಗೆ ಕಾರಣವಿದೆ. ಕಳೆದುಕೊಂಡದ್ದೂ ಇದೆ: ಆಚೆ ಹೊಲಕ್ಕೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವನು ಈಗ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು. ಸರ್ವೀಸ್ ರಸ್ತೆ ಮುಗಿದ ಕಡೆ ತಪ್ಪು ದಿಕ್ಕಿನಲ್ಲಿ ಬೈಕು ಓಡಿಸಬೇಕು. ದಂಡ ಬಿದ್ದರೆ ತಪ್ಪು ಅವನದೇ.

ಇನ್ನು ಮರದ ಮಾತು. ಅಂದದ ಪಕ್ಷದವರ ನಿಜವಾದ ಬಲ ಇರುವುದು ಇಲ್ಲಿ, ಆದರೆ ಅವರು ಅದನ್ನು 'ಹಸಿರು ಸುರಂಗ', 'ಕಣ್ಣಿಗೆ ಹಬ್ಬ' ಎಂದು ವರ್ಣಿಸಿ ಹಾಳು ಮಾಡುತ್ತಾರೆ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ, ಈ ನಾಲ್ಕು ತಾಲ್ಲೂಕುಗಳಲ್ಲಿ ರಸ್ತೆಬದಿಯ ಹುಣಸೆ, ಹೊಂಗೆ, ಬೇವು, ಆಲ ಬರೀ ನೋಟಕ್ಕಲ್ಲ. ಬಸ್ ಶೆಲ್ಟರ್ ಇಲ್ಲದ ಗೇಟಿನಲ್ಲಿ ಮರವೇ ಶೆಲ್ಟರು. ತುಮಕೂರು ಜಿಲ್ಲೆಯ ಹುಣಸೆಗೆ ದೊಡ್ಡ ಮಾರುಕಟ್ಟೆ ಇದೆ, ಮಾಘದ ಬಿಸಿಲಿಗೆ ಹಣ್ಣು ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆಯುವ ಕೂಲಿಯಿಂದ ಎಷ್ಟೋ ಹೆಂಗಸರ ಮನೆ ನಡೆಯುತ್ತದೆ. ಹೊಲದಲ್ಲಿ ಏನೂ ಬೆಳೆಯದ ವರ್ಷವೂ ಹುಣಸೆ ಬಿಡುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಂತೂ ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಬಂದು ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಯುತ್ತಾರೆ. ಒಂದು ಹುಣಸೆ ದೊಡ್ಡದಾಗಲು ಎರಡು ತಲೆಮಾರು ಬೇಕು. ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಭರವಸೆ ಪಾವಗಡದ ಮಳೆಯನ್ನು ನೋಡಿಲ್ಲದವರು ಕೊಡುವ ಭರವಸೆ. ಇಲ್ಲಿ ಸಸಿ ನೆಡುವುದು ಕಷ್ಟವಲ್ಲ, ಎರಡನೇ ಬೇಸಿಗೆ ದಾಟಿಸುವುದು ಕಷ್ಟ. 2015ರ ಕೇಂದ್ರದ ಹಸಿರು ಹೆದ್ದಾರಿ ನೀತಿ ಯೋಜನಾ ವೆಚ್ಚದ ಶೇಕಡ 1ನ್ನು ಗಿಡಮರಕ್ಕೆ ಮೀಸಲಿಡಿ ಎನ್ನುತ್ತದೆ. ಆ ಹಣದಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ಹೋಗುತ್ತದೆ ಎಂದು ಕೇಳಿದರೆ ಆ ನೀತಿಯ ತೂಕ ತಿಳಿಯುತ್ತದೆ.

ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್ಲು–ಕುದೂರು ನಡುವೆ ನೀರು ಹೊತ್ತು ಬೆಳೆಸಿದ 385 ಆಲದ ಮರಗಳ ಕಥೆ ಎಲ್ಲರಿಗೂ ಗೊತ್ತು. 2019ರಲ್ಲಿ, ಅವರಿಗೆ ಪದ್ಮಶ್ರೀ ಬಂದ ಅದೇ ವರ್ಷ, ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣ ಆ ಮರಗಳ ಬುಡಕ್ಕೇ ಬಂತು. ತಿಮ್ಮಕ್ಕ ಸರ್ಕಾರವನ್ನೇ ಕೇಳಿದರು. ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿ, ಉಪಮುಖ್ಯಮಂತ್ರಿಯೂ ಕೊರಟಗೆರೆಯ ಶಾಸಕರೂ ಆಗಿದ್ದ ಪರಮೇಶ್ವರ ಇಬ್ಬರೂ ಮರ ಕಡಿಯದೆ ಬೇರೆ ದಾರಿ ಹುಡುಕುವ ಮಾತು ಕೊಟ್ಟರು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡಾಗ ಎಲ್ಲರೂ ಆ ಮರಗಳನ್ನು ನೆನೆದರು. ಮರ ಉಳಿಸಲು ಅಂಥ ಹೆಸರು ಬೇಕಾಯಿತು ಎಂಬುದು ಮಾತ್ರ ಕಸಿವಿಸಿಯ ಸಂಗತಿ. ಮಿಡಿಗೇಶಿ ಹತ್ತಿರದ ಒಂದು ಹುಣಸೆಯನ್ನು ಯಾರ ಅಜ್ಜ ನೆಟ್ಟರೋ, ಅವರ ಮೊಮ್ಮಗನನ್ನು ವಿಧಾನಸೌಧದ ಗೇಟಿನಲ್ಲೇ ತಡೆಯುತ್ತಾರೆ.

ಮರದ ಪಕ್ಷದವರು ನುಂಗಿಕೊಳ್ಳಬೇಕಾದ ಒಂದು ಕಹಿಯೂ ಇದೆ. ರಸ್ತೆಯನ್ನು ಮರ ಬಿಟ್ಟು ಬಳಸಿ ಒಯ್ಯುವುದು ಎಂದರೆ ಪಕ್ಕದ ಹೊಲದೊಳಗೆ ಒಯ್ಯುವುದು. ಹಳೇ ರಸ್ತೆಯನ್ನು ಒಂದು ದಿಕ್ಕಿಗೆ ಬಿಟ್ಟು, ಸಾಲುಮರದಾಚೆ ಇನ್ನೊಂದು ದಿಕ್ಕಿಗೆ ಹೊಸ ರಸ್ತೆ ಮಾಡಿ, ಮರಗಳನ್ನೇ ನಡುವಿನ ವಿಭಜಕವಾಗಿ ಉಳಿಸಿಕೊಳ್ಳುವುದು ಎಂಜಿನಿಯರುಗಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಆದರೆ ಅದಕ್ಕೆ ಹೆಚ್ಚು ಜಮೀನು ಬೇಕು. ಎರಡೆಕರೆಯವನ ಅರ್ಧ ಎಕರೆ ರಸ್ತೆಗೆ ಹೋದರೆ, ಮರ ಉಳಿಯಿತೆಂದು ಚಪ್ಪಾಳೆ ತಟ್ಟುವವರಲ್ಲಿ ಅವನ ಮನೆಯವರು ಇರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಮಾರ್ಗಸೂಚಿ ಬೆಲೆಯ ಮೇಲೆ ನಿಂತಿದೆ, ಒಣಭೂಮಿಯ ಮಾರ್ಗಸೂಚಿ ಬೆಲೆ ಎಷ್ಟೆಂದು ಪಾವಗಡದವರಿಗೆ ಹೇಳಿಕೊಡಬೇಕಿಲ್ಲ. ಮರ ಉಳಿಸಿ ಎಂದು ಬರೆಯುವ ನಮ್ಮಂಥವರು ಇದನ್ನೂ ಬರೆಯಬೇಕು.

ರಸ್ತೆ ಬರೀ ಓಡಾಟಕ್ಕೆ ಅಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಸುಗ್ಗಿಯಲ್ಲಿ ಸಿಗುತ್ತದೆ. ಹುರುಳಿ, ರಾಗಿ ಕೊಯ್ಲಾದಾಗ ಈ ಸೀಮೆಯ ಟಾರು ರಸ್ತೆಗಳೇ ಕಣ. ತೆನೆ ಹಾಸುತ್ತಾರೆ, ಬಸ್ಸು ಲಾರಿಗಳ ಚಕ್ರ ಒಕ್ಕಣೆ ಮಾಡುತ್ತದೆ. ಬೈಕಿನವರು ಹುರುಳಿ ಸೊಪ್ಪಿನ ಮೇಲೆ ಜಾರಿ ಬೀಳುತ್ತಾರೆ, ಚಕ್ರಕ್ಕೆ ಹುಲ್ಲು ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತುವ ಭಯವೂ ಇದೆ. ಬೈಯಬೇಕಾದದ್ದೇ, ಪೊಲೀಸರು ಎಚ್ಚರಿಸುತ್ತಲೂ ಇರುತ್ತಾರೆ. ಆದರೆ ಊರ ಕಣಗಳು ಏನಾದವು, ಕಣ ಮಾಡಲು ಎತ್ತು, ಆಳು ಎಲ್ಲಿ ಹೋದವು ಎಂದು ಕೇಳದೆ ಬೈದರೆ ಅರ್ಧ ಬೈದಂತೆ. ಪಂಚಾಯಿತಿಗೊಂದು ಒಕ್ಕಣೆ ಕಣ ಕಟ್ಟಿಸಿದರೆ ರಸ್ತೆ ತಾನಾಗಿ ಖಾಲಿಯಾಗುತ್ತದೆ.

ಕಲೆಗೆ ಬರೋಣ. ಇಲ್ಲಿ ಜಗಳ ಇನ್ನೂ ಬಿಸಿ, ಏಕೆಂದರೆ ರಸ್ತೆಬದಿಯ ಕಲೆ ಎಂದರೆ ನಮ್ಮ ಕಡೆ ಬಹುಪಾಲು ಪ್ರತಿಮೆ. ಹೊಸ ಪ್ರತಿಮೆಗಳ ಎತ್ತರದ ಪೈಪೋಟಿ ಪಕ್ಕದಲ್ಲೇ ನಡೆದಿದೆ: 2022ರ ನವೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಬಳಿ 108 ಅಡಿಯ ಕೆಂಪೇಗೌಡ, 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಬಳಿ 112 ಅಡಿಯ ಆದಿಯೋಗಿ. ಎರಡನೆಯದನ್ನು ನೋಡಲು ಹೋಗುವ ಕಾರುಗಳ ಸಾಲಿನಿಂದ ಅಂಗಡಿಯಿಟ್ಟವರಿಗೆ ಲಾಭ, ಅದೇ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ವಾರಾಂತ್ಯದ ಗೋಳು.

ಊರ ಸರ್ಕಲ್ಲಿನ ಪ್ರತಿಮೆಯ ಕಥೆ ಬೇರೆ. ಸಂಚಾರದ ದೃಷ್ಟಿಯಿಂದ ಅದು ಅಡ್ಡಿ, ತಿರುವಿನಲ್ಲಿ ಎದುರು ಗಾಡಿ ಕಾಣುವುದಿಲ್ಲ. 2013ರ ಜನವರಿ 18ರಂದು ಸುಪ್ರೀಂ ಕೋರ್ಟು, ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬೇಡಿ ಎಂದು ರಾಜ್ಯಗಳಿಗೆ ಆದೇಶಿಸಿದೆ. ಕಾನೂನು ಸ್ಪಷ್ಟವಾಗಿದೆ, ನಾನೂ ಅದರ ಪರ. ಆದರೂ ಒಂದು ಮಾತು. ಊರೊಳಗಿನ ಗುಡಿಯ ಮುಂದೆ ನಿಲ್ಲಲು ಬಿಡದಿದ್ದ ಕಾಲವನ್ನು ಕಂಡವರ ಮಕ್ಕಳು ಸರ್ಕಲ್ಲಿನಲ್ಲಿ ಅಂಬೇಡ್ಕರ್ ನಿಲ್ಲಲಿ ಎಂದು ಕೇಳಿದಾಗ ಅವರು ಕೇಳುತ್ತಿರುವುದು ಅಲಂಕಾರವನ್ನಲ್ಲ, ಊರ ನಡುವೆ ಜಾಗವನ್ನು. 'ಟ್ರಾಫಿಕ್ ತೊಂದರೆ' ಎಂಬ ಕಾರಣ ಅವರ ಪ್ರತಿಮೆಗೆ ಮಾತ್ರ ನೆನಪಾಗಿ, ರಸ್ತೆಯೊಳಗೇ ಕಾಲೂರಿದ ಸ್ವಾಗತ ಕಮಾನಿಗೆ, ಗುಡಿಗೆ, ನಾಯಕರ ಫ್ಲೆಕ್ಸಿಗೆ ನೆನಪಾಗದಿದ್ದರೆ ಆ ಕಾರಣವನ್ನು ಯಾರು ನಂಬುತ್ತಾರೆ? ಕೋರ್ಟಿನ ಮಾತನ್ನು ಎಲ್ಲರಿಗೂ ಒಂದೇ ಸಮ ಹಚ್ಚಿ, ಶಾಲೆಯ ಅಂಗಳವನ್ನೋ ಗ್ರಂಥಾಲಯದ ಮುಂದನ್ನೋ ಮರ್ಯಾದೆಯಿಂದ ಬಿಟ್ಟುಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಗೋಡೆ ಚಿತ್ರಗಳ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. 2009ರ ಸುಮಾರಿಗೆ ಬೆಂಗಳೂರು ಮಹಾನಗರ ಪಾಲಿಕೆ ಪೋಸ್ಟರುಗಳಿಂದ ಹೊಲಸಾಗಿದ್ದ ಗೋಡೆಗಳ ಮೇಲೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರಿಂದ ಚಿತ್ರ ಬರೆಸಿತು. ಕ್ಯಾಲೆಂಡರ್ ಕಲೆ ಎಂದು ಕಲಾಶಾಲೆಯವರು ಮೂಗು ಮುರಿದರು. ಫ್ಲೆಕ್ಸ್ ಬಂದು ಕುಂಚ ಕೆಳಗಿಟ್ಟಿದ್ದ ಪೇಂಟರುಗಳಿಗೆ ಕೆಲಸ ಸಿಕ್ಕಿತು, ದಾರಿಹೋಕರಿಗೆ ಇಷ್ಟವಾಯಿತು. ನಾನು ದಾರಿಹೋಕರ ಕಡೆ. ಆದರೆ ರಸ್ತೆಯ ಕಲೆ ಎಂದರೆ ನನ್ನ ಮಟ್ಟಿಗೆ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನಿಜಗಾತ್ರದ ಮೊಸಳೆ ಬೊಂಬೆ ಬಿಟ್ಟರು, 2019ರಲ್ಲಿ, ಚಂದ್ರಯಾನ–2ರ ಗಲಾಟೆಯ ನಡುವೆ, ಹೇರೋಹಳ್ಳಿ ಕಡೆಯ ಗುಂಡಿ ರಸ್ತೆಯಲ್ಲಿ ಗಗನಯಾತ್ರಿಯ ವೇಷದವನನ್ನು ನಡೆಸಿದರು. ಎರಡೂ ಸಲ ದುರಸ್ತಿಗೆ ಜನ ಓಡಿ ಬಂದರು. ಇದಕ್ಕೂ ವಿರೋಧವಾದವಿದೆ, ಅದು ಸುಳ್ಳೇನಲ್ಲ: ವಿಡಿಯೊ ಹರಿದಾಡಿದ ಗುಂಡಿ ಮುಚ್ಚಿತು, ಪಕ್ಕದ ಬೀದಿಯದು ಉಳಿಯಿತು. ಕ್ಯಾಮೆರಾ ಬಾರದ ನಮ್ಮ ಕಡೆಯ ವೆಂಕಟಾಪುರದ ಗುಂಡಿಗೆ ಮೊಸಳೆ ಬಿಟ್ಟರೆ ಕುರಿ ಹೆದರೀತು, ಅಷ್ಟೇ.

ಹಾಗಾದರೆ ಕೊರಟಗೆರೆಯಿಂದ ಪಾವಗಡದವರೆಗಿನ ದಾರಿಗೆ ನನ್ನ ತೀರ್ಮಾನ ಏನು? ಉದ್ದಕ್ಕೂ ನಾಲ್ಕು ಪಥ ಬೇಡ. ಊರುಗಳ ಬಳಿ, ತಿರುವುಗಳಲ್ಲಿ, ಕೆರೆ ಏರಿಗಳ ಮೇಲೆ ಅಗಲ ಬೇಕು, ಏರಿಗೆ ತಡೆಗೋಡೆ ಬೇಕು, ಬಸ್ಸು ರಸ್ತೆಯಿಂದ ಇಳಿದು ನಿಲ್ಲಲು ಜಾಗ ಬೇಕು. ಅಲ್ಲಿ ಮರ ಅಡ್ಡ ಬಂದರೆ, ಬೇರೆ ಉಪಾಯ ಇಲ್ಲವೆಂದು ತೋರಿಸಿದ ಮೇಲೆ, ಕಡಿಯಲಿ. ಉಳಿದ ಕಡೆ ಮರ ನಿಲ್ಲಲಿ, ಗಾಡಿ ನಿಧಾನವಾಗಲಿ. ಪಾವಗಡದಿಂದ ತುಮಕೂರಿಗೆ ಇಪ್ಪತ್ತು ನಿಮಿಷ ಉಳಿಸುವುದಕ್ಕಿಂತ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬೆಳಗಿನ ಬಸ್ಸು ಹೆಚ್ಚಿಸುವುದು ಮೊದಲ ಕೆಲಸ. ಪ್ರತಿಮೆಗೆ ಸರ್ಕಲ್ ಬೇಡ. ಚಿತ್ರ ಬರೆಸುವುದಿದ್ದರೆ ಬಸ್ ಶೆಲ್ಟರ್ ಕಟ್ಟಿ ಅದರ ಗೋಡೆಗೆ ಬರೆಸಲಿ. ದಿನಾ ಓಡಾಡುವ ಬೈಕಿನ ಹುಡುಗರಿಗೆ ಈ ತೀರ್ಮಾನ ಹಿಡಿಸುವುದಿಲ್ಲ, ಗೊತ್ತು. ನೂರು ಕಿಲೋಮೀಟರನ್ನು ದಿನಕ್ಕೆರಡು ಸಲ ಅಳೆಯುವವರ ಆಯಾಸಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅದು ರೈಲಿನಿಂದ ಬರಬೇಕಾದ ಉತ್ತರ.

ಓದುಗರಲ್ಲಿ ಒಂದು ಕೋರಿಕೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರ ಕಡಿಯುವ ಸರ್ಕಾರಿ ಯೋಜನೆಗೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ನಿಮ್ಮ ರಸ್ತೆಗೆ ಆ ಪ್ರಕಟಣೆ ಬಂದಾಗ ಟೀ ಅಂಗಡಿಯ ವಾದವನ್ನು ಕಾಗದಕ್ಕೆ ಇಳಿಸಿ ಕೊಡಿ. ಅಗಲ ಬೇಕೆನ್ನುವವರೂ ಕೊಡಿ, ಬೇಡವೆನ್ನುವವರೂ ಕೊಡಿ. 'ಪರಿಸರ ಉಳಿಸಿ', 'ಅಭಿವೃದ್ಧಿ ಮಾಡಿ' ಎಂದಷ್ಟೇ ಬರೆಯಬೇಡಿ. ಎಷ್ಟನೇ ಕಿಲೋಮೀಟರ್ ಕಲ್ಲಿನ ಹತ್ತಿರ, ಯಾವ ಬದಿಯ, ಯಾವ ಮರ, ಅದರ ಕೆಳಗೆ ಯಾವ ಊರಿನವರು ಬಸ್ಸಿಗೆ ಕಾಯುತ್ತಾರೆ, ಯಾವ ತಿರುವಿನಲ್ಲಿ ಎದುರು ಗಾಡಿ ಕಾಣುವುದಿಲ್ಲ ಎಂದು ಬರೆಯಿರಿ. ಕೊಟ್ಟ ಅರ್ಜಿಗೆ ಸೀಲು ಹಾಕಿಸಿದ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ.